ಲೈಸೆನ್ಸ್ ಅಮಾನತಾದರೆ ಆಯುಕ್ತರ ತೀರ್ಪೇ ಕೊನೆಯಾಗಬೇಕೇ?

ಪರ

ಮುಂಬೈಯ ಮಾಟುಂಗಾದ ಇಡ್ಲಿ ಹೋಟೆಲಿಗೆ ಬೀಗ ಬಿದ್ದರೆ, ರುಬ್ಬಿಟ್ಟ ಹಿಟ್ಟು ಕೋರ್ಟಿನ ತಾರೀಖಿಗೆ ಕಾಯುವುದಿಲ್ಲ. ಅದಕ್ಕೇ 2006ರ ಆಹಾರ ಸುರಕ್ಷತಾ ಕಾಯ್ದೆಯ 32ನೇ ಕಲಂ ಅಮಾನತಿನ ವಿರುದ್ಧದ ಮನವಿಗೆ ನೇರವಾಗಿ ಆಹಾರ ಸುರಕ್ಷತಾ ಆಯುಕ್ತರ ಬಳಿಗೇ ದಾರಿ ತೋರಿಸಿದೆ. ಗ್ರೈಂಡರ್ ಹಿಂದಿನ ಒಡೆದ ಟೈಲ್ಸ್ ಎಷ್ಟು ದೊಡ್ಡ ದೋಷ ಎಂದು ತೂಗಲು ದಿನವೂ ಅಡುಗೆಮನೆ ನೋಡುವ ಇಲಾಖೆಯೇ ಸರಿ.

ಈ ದಾರಿಯಲ್ಲಿ ಎಡವುವುದು ತಾರೀಖಿನ ಲೆಕ್ಕದಲ್ಲಿ. ಅಮಾನತಿನ ಆದೇಶ ಕೈಸೇರಿದ ಮೇಲೆ 15 ದಿನ ಅವಕಾಶ. ಅಮಾನತಿಗೆ ಮುಂಚೆ, ದೋಷ ಸರಿಪಡಿಸಿ ಎಂದು ಬರುವ ಸುಧಾರಣಾ ನೋಟಿಸಿನ ವಿರುದ್ಧ ಹೋಗುವುದಾದರೆ ಆ 15 ದಿನ ಅಥವಾ ನೋಟಿಸಿನಲ್ಲೇ ಇರುವ ಗಡುವು, ಯಾವುದು ಮೊದಲು ಮುಗಿಯುತ್ತದೋ ಅದು. ನೋಟಿಸ್ 14 ದಿನ ಕೊಟ್ಟಿದ್ದರೆ 15ನೇ ದಿನ ಹೋದ ಧನಿಗಳು ಬರಿಗೈಯಲ್ಲಿ ಬರಬೇಕು. ಹಾಗಾಗಿ ಕಾಗದ ತಲುಪಿದ ತಾರೀಖನ್ನು ಲಕೋಟೆಯ ಮೇಲೇ ಬರೆದಿಡಿ.

‘ನಮ್ಮಲ್ಲಿ ಎಲ್ಲ ಸ್ವಚ್ಛವಿದೆ’ ಎಂದರೆ ಸಾಲದು. ನೋಟಿಸಿನ ಒಂದೊಂದು ಅಂಶಕ್ಕೂ ಬೇರೆ ಬೇರೆ ಉತ್ತರ ಬೇಕು: ಟೈಲ್ಸ್ ಹಾಕಿಸಿದ ಬಿಲ್ಲು, ನೀರಿನ ಪರೀಕ್ಷೆಯ ವರದಿ, ಕೆಲಸದವರ ವೈದ್ಯಕೀಯ ಪ್ರಮಾಣಪತ್ರ, ದುರಸ್ತಿಗೆ ಮುಂಚಿನ ಮತ್ತು ನಂತರದ ಫೋಟೊ. ಮನವಿ ಕೊಟ್ಟ ಕೂಡಲೇ ಅಮಾನತು ತಾನಾಗಿ ನಿಲ್ಲುತ್ತದೆ ಎಂದು ಈ ಕಲಮಿನಲ್ಲಿಲ್ಲ. ತಡೆಯನ್ನು ಅದೇ ಅರ್ಜಿಯಲ್ಲಿ ಸ್ಪಷ್ಟವಾಗಿ ಕೇಳಿ. ಪರೀಕ್ಷೆಗೆ ಒಯ್ದ ಆಹಾರದ ಮಾದರಿಯ ಲ್ಯಾಬ್ ವರದಿಯ ತಕರಾರನ್ನು ಇದರಲ್ಲಿ ಬೆರೆಸಬೇಡಿ. ಅದಕ್ಕೆ ಬೇರೆಯೇ ಮನವಿ, 30 ದಿನ.

ವಿರೋಧ

ಬೇಗ ತೀರ್ಪು ಸಿಗಬೇಕು, ಒಪ್ಪೋಣ. ಆದರೆ ಎಷ್ಟು ದಿನದೊಳಗೆ ತೀರ್ಪು ಕೊಡಬೇಕೆಂದು ಆಯುಕ್ತರಿಗೆ 32ನೇ ಕಲಂ ಗಡುವನ್ನೇ ಹಾಕಿಲ್ಲ. ಗಡುವೆಲ್ಲ ಹೋಟೆಲಿನವರಿಗೆ.

ಇನ್ಸ್‌ಪೆಕ್ಟರರನ್ನೂ, ಲೈಸೆನ್ಸ್ ಅಮಾನತು ಮಾಡುವ ಅಧಿಕಾರಿಯನ್ನೂ ನೇಮಿಸುವವರು ಆಯುಕ್ತರು. ಜೈಲುಶಿಕ್ಷೆ ಇರುವ ಅಪರಾಧಗಳಲ್ಲಿ ಮೊಕದ್ದಮೆಗೆ ಮಂಜೂರಾತಿ ಕೊಡುವವರೂ ಅವರೇ. ತಮ್ಮ ಅಧಿಕಾರವನ್ನು ಕೈಕೆಳಗಿನವರಿಗೆ ವಹಿಸಲು 30ನೇ ಕಲಂ ಅವಕಾಶ ಕೊಡುತ್ತದೆ. ಅಲ್ಲಿ ನಿಂತು ನ್ಯಾಯ ಕೇಳುವವನಿಗೆ ಧೈರ್ಯ ಎಲ್ಲಿಂದ ಬರಬೇಕು?

ದಂಡದ ವಿಚಾರಕ್ಕೆ ಬಂದರೆ ಇದೇ ಕಾಯ್ದೆ ಬೇರೆ ರೀತಿ ನಡೆದುಕೊಳ್ಳುತ್ತದೆ. ಅಡುಗೆಮನೆ ಕೊಳಕಾಗಿದ್ದರೆ 56ನೇ ಕಲಮಿನಲ್ಲಿ 1 ಲಕ್ಷ ರೂಪಾಯಿವರೆಗೆ ದಂಡ. ಅದನ್ನು ಪ್ರಶ್ನಿಸಲು, ಜಿಲ್ಲಾ ನ್ಯಾಯಾಧೀಶರಾಗಿರುವ ಅಥವಾ ಆಗಿದ್ದವರೇ ಕೂರುವ ನ್ಯಾಯಮಂಡಳಿ ಇದೆ. ಅದೇ ಅಡುಗೆಮನೆಯ ಲೈಸೆನ್ಸ್ ಹೋದರೆ ಆಯುಕ್ತರ ಬಾಗಿಲೇ ಕೊನೆ. ಆಚೆಗೆ ಹೈಕೋರ್ಟಿನ ರಿಟ್ ಮಾತ್ರ. ದಂಡ ಕಟ್ಟಿದವನು ನಾಳೆ ಬೆಳಿಗ್ಗೆ ಒಲೆ ಹಚ್ಚಬಹುದು. ಲೈಸೆನ್ಸ್ ಕಳೆದುಕೊಂಡವನು ಬಾಡಿಗೆ, ಪಗಾರ ಎರಡನ್ನೂ ಮುಚ್ಚಿದ ಶಟರಿನ ಹಿಂದಿನಿಂದಲೇ ಕೊಡಬೇಕು. ಹೆಚ್ಚು ನಷ್ಟವಾಗುವವನಿಗೇ ಕಡಿಮೆ ರಕ್ಷಣೆ. ನ್ಯಾಯಮಂಡಳಿ ಹೇಗೂ ಇದೆ. ಅಮಾನತಿನ ಮನವಿಯನ್ನೂ ಅಲ್ಲಿಗೇ ಕಳಿಸಿ, 15 ದಿನದ ಗಡುವನ್ನು ತೀರ್ಪಿಗೂ ಹಾಕಲಿ.