ಡೈರಿಯ ಓಟು, ವಾಷಿಂಗ್ಟನ್ನಿನ ಓಟು

ಚಿಂತಾಮಣಿ ತಾಲ್ಲೂಕಿನ ನಮ್ಮೂರ ಹಾಲು ಡೈರಿಯ ವಾರ್ಷಿಕ ಮಹಾಸಭೆಯಲ್ಲಿ ಎಂಟು ಸೀಮೆಹಸು ಕಟ್ಟಿರುವವರೂ, ಇರುವ ಒಂದೇ ಹಸುವಿನ ಮೂರು ಲೀಟರ್ ಹಾಲನ್ನು ಸ್ಟೀಲ್ ಕ್ಯಾನಿನಲ್ಲಿ ತಂದು ಹಾಕುವ ಅಜ್ಜಿಯೂ ಒಂದೇ ಜಮಖಾನದ ಮೇಲೆ ಕೂರುತ್ತಾರೆ. ಬೋನಸ್ ಹಂಚುವಾಗ ಹಾಕಿದ ಹಾಲಿನ ಲೆಕ್ಕವೇ ಲೆಕ್ಕ. ಆಡಳಿತ ಮಂಡಳಿಯನ್ನು ಆರಿಸುವಾಗ ಮಾತ್ರ ಇಬ್ಬರಿಗೂ ಒಂದೊಂದೇ ಓಟು. ಸಹಕಾರ ಕಾನೂನು ಹೇಳುವುದೂ ಅದನ್ನೇ. ವಾಷಿಂಗ್ಟನ್ನಿನಲ್ಲಿ ಕೂತು ದೇಶಗಳಿಗೆ ಸಾಲ ಕೊಡುವ ಅಂತರರಾಷ್ಟ್ರೀಯ ಹಣಕಾಸು ನಿಧಿ ಮತ್ತು ವಿಶ್ವ ಬ್ಯಾಂಕ್‌ಗಳ ಸುಧಾರಣೆಯ ಬಗ್ಗೆ ಓದುವಾಗಲೆಲ್ಲ ನನಗೆ ಈ ಸಭೆ ನೆನಪಾಗುತ್ತದೆ.

1944ರಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ ರೂಪುಗೊಂಡ ಈ ಎರಡೂ ಸಂಸ್ಥೆಗಳಲ್ಲಿ ಓಟು ಎಂದರೆ ಮುಖ್ಯವಾಗಿ ಕಟ್ಟಿದ ಪಾಲಿನ ತೂಕ. ನಿಧಿಯಲ್ಲಿ ಅಮೆರಿಕದ ಮತ ಶೇ 16.5ರ ಆಸುಪಾಸಿನಲ್ಲಿದೆ, ಭಾರತದ್ದು ಶೇ 3ಕ್ಕಿಂತ ಕಡಿಮೆ. ಪ್ರಮುಖ ತೀರ್ಮಾನಗಳಿಗೆ ಶೇ 85ರಷ್ಟು ಮತ ಬೇಕಿರುವುದರಿಂದ ಅಮೆರಿಕ ಒಂದೇ ಬೇಡವೆಂದರೂ ಕೆಲಸ ನಿಲ್ಲುತ್ತದೆ. 2010ರಲ್ಲಿ ಒಪ್ಪಿಕೊಂಡ ಪಾಲಿನ ಪರಿಷ್ಕರಣೆ ಅಲ್ಲಿನ ಸಂಸತ್ತಿನ ಒಪ್ಪಿಗೆಗೆ ಕಾದು ಕಾದು ಜಾರಿಗೆ ಬಂದದ್ದು 2016ರ ಜನವರಿಯಲ್ಲಿ. 2023ರ ಡಿಸೆಂಬರ್‌ನಲ್ಲಿ ಎಲ್ಲರ ಪಾಲನ್ನೂ ಶೇ 50ರಷ್ಟು ಏರಿಸಲು ನಿರ್ಧರಿಸಿದರು. ಎರಡೂ ತಟ್ಟೆಗೆ ಅಷ್ಟಷ್ಟೇ ಸುರಿದರೆ ತಕ್ಕಡಿ ಯಾವ ಕಡೆಗೆ ವಾಲೀತು?

ಸಾಲವೇ ಕೆಟ್ಟದ್ದೆಂದು ವಾದಿಸುವವನು ನಾನಲ್ಲ. 1991ರಲ್ಲಿ ಆಮದಿಗೆ ಕೆಲವೇ ವಾರಗಳ ಡಾಲರ್ ಉಳಿದಿದ್ದಾಗ ಸರ್ಕಾರ ಹೊರದೇಶದಲ್ಲಿ ಚಿನ್ನ ಅಡವಿಟ್ಟಿತು, ನಿಧಿಯಿಂದಲೂ ಸಾಲ ಪಡೆಯಿತು. (ಒಡವೆ ಅಡವಿಟ್ಟು ಬೋರ್‌ವೆಲ್ ಕೊರೆಸುವ ನಮ್ಮ ಕಡೆಯವರಿಗೆ ಆ ಸುದ್ದಿಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.) ವಿಶ್ವ ಬ್ಯಾಂಕ್ ನೆರವಿನಿಂದ 2002ರಲ್ಲಿ ಆರಂಭವಾದ ಕೆರೆ ಪುನಶ್ಚೇತನ ಯೋಜನೆ ಆಗಿನ ಅವಿಭಜಿತ ಕೋಲಾರ ಜಿಲ್ಲೆಗೂ ತುಮಕೂರಿಗೂ ಬಂತು. ಅದರ ಮೂಲ ತತ್ತ್ವವನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ: ಕೆರೆಯನ್ನು ಬಳಸುವವರೇ ಸಂಘ ಕಟ್ಟಿಕೊಂಡು ಏರಿ, ತೂಬು, ಕೋಡಿ, ಕಾಲುವೆಗಳ ಕೆಲಸದಲ್ಲಿ ತೀರ್ಮಾನ ತೆಗೆದುಕೊಳ್ಳಬೇಕು, ಅದರಲ್ಲಿ ಅಚ್ಚುಕಟ್ಟಿನ ರೈತರಷ್ಟೇ ಅಲ್ಲದೆ ಭೂಮಿಯಿಲ್ಲದವರೂ ಹೆಂಗಸರೂ ಇರಬೇಕು. ನೀರು ಬಳಸುವವರ ಮಾತೇ ನಡೆಯಬೇಕೆಂದು ಕೆರೆ ಏರಿಯ ಮೇಲೆ ನಿಂತು ಹೇಳಿದ ಬ್ಯಾಂಕು, ಸಾಲದ ಷರತ್ತುಗಳ ಭಾರ ಹೊರುವ ದೇಶಗಳ ವಿಷಯದಲ್ಲಿ ಅದೇ ಮಾತನ್ನು ತನ್ನ ಮಂಡಳಿಯೊಳಗೆ ಇನ್ನೂ ಪಾಲಿಸಿಲ್ಲ.

ಹಣ ಹಾಕಿದವರಿಗೆ ಹೆಚ್ಚಿನ ಅಧಿಕಾರವಿಲ್ಲದಿದ್ದರೆ ಹಣ ಹಾಕುವವರು ಯಾರು ಎಂಬ ಪ್ರಶ್ನೆ ಪೊಳ್ಳಲ್ಲ. ಆದ್ದರಿಂದ ಡೈರಿಯ ಪದ್ಧತಿಯನ್ನು ಇದ್ದ ಹಾಗೇ ಅಲ್ಲಿಗೆ ಒಯ್ಯಬೇಕೆಂದು ನಾನು ಹೇಳಲಾರೆ. ಆದರೆ ಪಾಲಿನ ಲೆಕ್ಕದಲ್ಲೂ ದೇಶಗಳ ತಲೆ ಎಣಿಕೆಯಲ್ಲೂ ಬಹುಮತ ಬೇಕೆಂದು ಕೇಳಬಹುದು. ನಿಧಿಯ ಮೂಲ ಒಪ್ಪಂದವನ್ನು ತಿದ್ದುವುದಕ್ಕೆ ಈಗಲೂ ಶೇ 85ರಷ್ಟು ಮತದ ಜೊತೆಗೆ ಐದರಲ್ಲಿ ಮೂರು ಪಾಲು ಸದಸ್ಯ ದೇಶಗಳ ಒಪ್ಪಿಗೆ ಬೇಕು. ಮುಖ್ಯಸ್ಥರ ಆಯ್ಕೆಗೂ ತಲೆ ಎಣಿಕೆಯನ್ನು ತಂದರೆ, ನಿಧಿಗೆ ಯುರೋಪಿನವರು, ಬ್ಯಾಂಕಿಗೆ ಅಮೆರಿಕದವರು ಎಂಬ ಹಳೆಯ ಒಳ ಒಪ್ಪಂದ ಉಳಿಯುವುದು ಕಷ್ಟ. 2023ರಲ್ಲಿ ವಿಶ್ವ ಬ್ಯಾಂಕಿನ ಅಧ್ಯಕ್ಷರಾದ ಅಜಯ್ ಬಂಗಾ ನಮ್ಮಲ್ಲಿ ಹುಟ್ಟಿದವರೆಂದು ಹಿಗ್ಗುವ ಸ್ನೇಹಿತರು ಅವರು ಈಗ ಯಾವ ದೇಶದ ಪ್ರಜೆ ಎಂಬುದನ್ನೂ ಗಮನಿಸಬೇಕು.

ಇನ್ನು ನಮ್ಮ ದೇಶದ ವಿಷಯ. ನಿಧಿಯ ಕಾರ್ಯನಿರ್ವಾಹಕ ಮಂಡಳಿಯಲ್ಲಿ ಭಾರತ, ಬಾಂಗ್ಲಾದೇಶ, ಶ್ರೀಲಂಕಾ, ಭೂತಾನ್‌ಗಳಿಗೆ ಸೇರಿ ಇರುವುದು ಒಂದೇ ಕುರ್ಚಿ. 2023ರ ಮಾರ್ಚ್‌ನಲ್ಲಿ ಶ್ರೀಲಂಕಾಕ್ಕೆ ಸುಮಾರು 300 ಕೋಟಿ ಡಾಲರ್ ಸಾಲ ಮಂಜೂರಾದಾಗ ಆ ದೇಶಕ್ಕೆ ಮಂಡಳಿಯಲ್ಲಿದ್ದದ್ದೂ ಅದೇ ಕುರ್ಚಿ. ನಮಗೆ ಹೆಚ್ಚು ಪಾಲು ಬೇಕೆಂದು ದೆಹಲಿ ಕೇಳುವುದು ನ್ಯಾಯವೇ. ಆದರೆ ಕೇಳುವಾಗ ಕೊಲಂಬೊ, ಢಾಕಾ, ಥಿಂಪುಗಳ ಮಾತಿಗೂ ತೂಕ ಬೇಕೆನ್ನುತ್ತದೆಯೋ, ಇಲ್ಲವೇ ಎಂಟು ಹಸುವಿನ ಯಜಮಾನನಂತೆ ತನ್ನ ಬಟವಾಡೆಯನ್ನಷ್ಟೇ ಎಣಿಸಿಕೊಳ್ಳುತ್ತದೆಯೋ ಎಂಬುದು ನನಗಿರುವ ಅನುಮಾನ.