ಎರಡನೇ ಕೋರ್ಸ್ ಆಂಟಿಬಯಾಟಿಕ್‌ಗೆ ಮುಂಚೆ ಬಯಾಪ್ಸಿ ಆಗಲಿ

ಒಂದು ಸ್ತನ ಕೆಂಪಾಗಿ ಊದಿಕೊಂಡಿದೆ, ಮುಟ್ಟಿದರೆ ಬಿಸಿ. ಡಾಕ್ಟರು ನೋಡಿ ಇನ್‌ಫೆಕ್ಷನ್ ಎಂದು ಆಂಟಿಬಯಾಟಿಕ್ ಬರೆದುಕೊಟ್ಟರು. ಇದರಲ್ಲಿ ತಪ್ಪೇನೂ ಇಲ್ಲ. ಈ ಲಕ್ಷಣ ಇಟ್ಟುಕೊಂಡು ಬರುವ ಬಹುಪಾಲು ಹೆಂಗಸರಿಗೆ ಇರುವುದು ಸೋಂಕೇ. ನನ್ನ ತಕರಾರು ಮೊದಲ ಚೀಟಿಯ ಬಗ್ಗೆ ಅಲ್ಲ, ಎರಡನೆಯದರ ಬಗ್ಗೆ. ಒಂದು ಕೋರ್ಸ್ ಪೂರ್ತಿ ಮುಗಿದ ಮೇಲೂ ಕೆಂಪು ಇಳಿಯದಿದ್ದಾಗ ಮಾತ್ರೆಯ ಹೆಸರು ಬದಲಿಸಿ "ಇದನ್ನ ಇನ್ನೊಂದು ವಾರ ತಗೊಳ್ಳಿ, ನೋಡೋಣ" ಅಂತಾರಲ್ಲ, ಉರಿಯೂತದ ಸ್ತನ ಕ್ಯಾನ್ಸರ್ ಕಣ್ತಪ್ಪಿ ಹೋಗುವುದು ಆ ಹೊತ್ತಿನಲ್ಲೇ.

ಇನ್‌ಫ್ಲಮೇಟರಿ ಬ್ರೆಸ್ಟ್ ಕ್ಯಾನ್ಸರ್, ಚಿಕ್ಕದಾಗಿ ಐಬಿಸಿ. ಸ್ತನ ಕ್ಯಾನ್ಸರ್‌ಗಳ ಪೈಕಿ ಇದರ ಪಾಲು ಶೇಕಡಾ 1ರಿಂದ 5 ಅಷ್ಟೆ. 1924ರಿಂದಲೂ ಈ ಹೆಸರು ವೈದ್ಯಕೀಯ ಬರಹಗಳಲ್ಲಿದೆ, ಆದರೂ ಒಂದೇ ಒಂದು ಕೇಸನ್ನೂ ಕಾಣದೆ ವೃತ್ತಿ ಮುಗಿಸುವ ವೈದ್ಯರಿದ್ದಾರೆ. ಅಪರೂಪದ ಕಾಯಿಲೆ ತಲೆಗೆ ಹೊಳೆಯಲಿಲ್ಲ ಎಂದು ಯಾರನ್ನೂ ಬೈಯಲಾಗದು. ಕೊಟ್ಟ ಔಷಧ ಕೆಲಸ ಮಾಡಲಿಲ್ಲ ಎನ್ನುವುದು ಮಾತ್ರ ಅಪರೂಪದ ಸಂಗತಿ ಅಲ್ಲ, ಕಣ್ಣೆದುರೇ ಇರುವ ಸಂಗತಿ. ಅದನ್ನು ನೋಡದಿರುವುದಕ್ಕೆ ನೆಪ ಇಲ್ಲ.

ಒಳಗೆ ಆಗುವುದೇನು? ಕ್ಯಾನ್ಸರ್ ಕೋಶಗಳು ಚರ್ಮದೊಳಗಿನ ಸಣ್ಣ ಸಣ್ಣ ದುಗ್ಧರಸ ನಾಳಗಳಿಗೆ ನುಗ್ಗಿ, ಅಲ್ಲಲ್ಲೇ ಗುಂಪುಗೂಡಿ ದಾರಿ ಕಟ್ಟಿಬಿಡುತ್ತವೆ. ಹರಿದು ಹೋಗಬೇಕಾದ ದ್ರವ ನಿಂತು ಚರ್ಮ ದಪ್ಪಗಾಗುತ್ತದೆ. ರೋಮರಂಧ್ರ ಇರುವ ಕಡೆ ಮಾತ್ರ ಚರ್ಮ ಉಬ್ಬಲಾಗದೆ ಸಣ್ಣ ಕುಳಿಯಾಗಿ ಉಳಿಯುತ್ತದೆ. ವೈದ್ಯರು ಕಿತ್ತಳೆ ಸಿಪ್ಪೆಯಂಥ ಚರ್ಮ ಅನ್ನುವುದು ಇದಕ್ಕೇ. ಕೆಂಪು, ಬಿಸಿ, ಊತ ಮೂರೂ ಇವೆ, ಆದರೆ ರೋಗಾಣು ಇಲ್ಲ. ಹಾಗಾಗಿ ಸಾಮಾನ್ಯವಾಗಿ ಜ್ವರ ಬರುವುದಿಲ್ಲ, ಕೀವು ಕಟ್ಟುವುದಿಲ್ಲ, ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣ ಏರಿರುವುದಿಲ್ಲ. "ಬ್ಲಡ್ ರಿಪೋರ್ಟ್ ನಾರ್ಮಲ್ ಇದೆ, ಭಯಪಡಬೇಡಿ" ಎಂಬ ಸಮಾಧಾನ ಇಲ್ಲಿ ತಲೆಕೆಳಗು. ಇಷ್ಟು ಕೆಂಪಾಗಿದ್ದೂ ರಕ್ತ ನಾರ್ಮಲ್ ಇದೆ ಅಂದರೆ ಸೋಂಕಿನ ಅನುಮಾನವೇ ಸಡಿಲವಾಗಬೇಕು.

ಜಾಗೃತಿ ಕಾರ್ಯಕ್ರಮಗಳ ಮೇಲೂ ನನಗೆ ಸಿಟ್ಟಿದೆ. ಪ್ರತಿ ಪೋಸ್ಟರ್‌ನಲ್ಲೂ ಗಂಟು, ಗಂಟು, ಗಂಟು. ಐಬಿಸಿಯಲ್ಲಿ ಎಷ್ಟೋ ಸಲ ಕೈಗೆ ಸಿಗುವ ಗಂಟೇ ಇರುವುದಿಲ್ಲ. ಕೋಶಗಳು ಒಂದು ಕಡೆ ಉಂಡೆಗಟ್ಟದೆ ಸ್ತನದ ತುಂಬ ಹರಡಿಕೊಂಡಿರುತ್ತವೆ. ಪೋಸ್ಟರ್ ಓದಿದ ಹೆಂಗಸು ತಾನೇ ಮುಟ್ಟಿ ನೋಡಿಕೊಂಡು "ಗಂಟಿಲ್ಲವಲ್ಲ" ಎಂದು ಸುಮ್ಮನಾಗುತ್ತಾಳೆ. ಪೋಸ್ಟರ್ ಹೇಳಿದ್ದನ್ನೇ ಆಕೆ ಮಾಡಿದ್ದು.

ಹಾಗಾದರೆ ಏನನ್ನು ನೋಡಬೇಕು? ಮೊದಲು ವೇಗ. ದಿನಗಳಲ್ಲಿ, ವಾರಗಳಲ್ಲಿ ಒಂದು ಸ್ತನ ಇನ್ನೊಂದಕ್ಕಿಂತ ದಪ್ಪ ಮತ್ತು ಭಾರವಾಗುತ್ತದೆ. ವರ್ಷಗಟ್ಟಲೆ ಇದ್ದ ಗಡ್ಡೆಯ ಮೇಲೆ ಕೊನೆಗೆ ಚರ್ಮ ಕೆಂಪಾಗುವುದು ಬೇರೆ ಕಥೆ. ಐಬಿಸಿ ಎನ್ನಲು ವೈದ್ಯರು ಇಟ್ಟುಕೊಂಡಿರುವ ಅಳತೆಗೋಲು ಹೀಗಿದೆ: ಲಕ್ಷಣ ಶುರುವಾಗಿ ಆರು ತಿಂಗಳು ದಾಟಿರಬಾರದು, ಕೆಂಪು ಸ್ತನದ ಮೂರನೇ ಒಂದು ಭಾಗಕ್ಕಾದರೂ ಹಬ್ಬಿರಬೇಕು, ಬಯಾಪ್ಸಿಯಲ್ಲಿ ಇನ್ವೇಸಿವ್ ಕಾರ್ಸಿನೋಮ, ಅಂದರೆ ಸುತ್ತಲಿನ ಮಾಂಸಕ್ಕೆ ನುಗ್ಗಿದ ಕ್ಯಾನ್ಸರ್, ಇದೆ ಎಂದು ಖಚಿತವಾಗಬೇಕು. ಆದರೆ ಇದು ರೋಗಕ್ಕೆ ಹೆಸರಿಡುವ ಅಳತೆ, ಆಸ್ಪತ್ರೆಗೆ ಹೋಗುವುದಕ್ಕೆ ಇಟ್ಟ ಅಳತೆ ಅಲ್ಲ. ಮೂರನೇ ಒಂದು ಭಾಗ ತುಂಬಲಿ ಎಂದು ಕಾಯುವವರೂ ಇದ್ದಾರೆ, ದಯವಿಟ್ಟು ಕಾಯಬೇಡಿ.

ಊತ ಸ್ತನದ ಕೆಳಭಾಗದಲ್ಲಿ ಹೆಚ್ಚು ನಿಲ್ಲುತ್ತದೆ. ಕನ್ನಡಿ ಮುಂದೆ ನೇರ ನಿಂತರೆ ಆ ಭಾಗ ಕಾಣುವುದೇ ಇಲ್ಲ. ಸ್ತನವನ್ನು ಎತ್ತಿ ಹಿಡಿದು, ಪಕ್ಕದಿಂದ ಬೆಳಕು ಬೀಳುವ ಹಾಗೆ ನಿಂತು ನೋಡಬೇಕು. ಓರೆ ಬೆಳಕಿನಲ್ಲಿ ರಂಧ್ರಗಳ ಕುಳಿ ಎದ್ದು ಕಾಣುತ್ತದೆ, ಎದುರು ಬೆಳಕಿನಲ್ಲಿ ಮಾಯ. ಬ್ರಾ ತೆಗೆದ ಮೇಲೆ ಅದರ ಹೊಲಿಗೆಯ ಗುರುತು ಒಂದು ಕಡೆ ಬೇಗ ಮಾಯವಾಗಿ, ಇನ್ನೊಂದು ಕಡೆ ಅಚ್ಚೊತ್ತಿದಂತೆ ಉಳಿದರೆ ಆ ಕಡೆ ಚರ್ಮದಲ್ಲಿ ನೀರು ನಿಂತಿದೆ. ತೊಟ್ಟು ಮೊದಲು ಹೊರಗಿದ್ದದ್ದು ಈಗ ಚಪ್ಪಟೆಯಾಗಿದೆಯೇ, ಒಳಗೆ ಎಳೆದುಕೊಂಡಿದೆಯೇ? ಕಂಕುಳಲ್ಲಿ, ಕೊರಳೆಲುಬಿನ ಮೇಲೆ ಗ್ರಂಥಿ ಕೈಗೆ ಸಿಗುತ್ತದೆಯೇ? ಕೆಲವರಿಗೆ ನೋವು, ಕೆಲವರಿಗೆ ಬರೀ ತುರಿಕೆ. ತುರಿಕೆ ಎಂದ ಕೂಡಲೇ ಮುಲಾಮು ಕೈಗೆ ಬರುತ್ತದೆ, ತಿಂಗಳು ಕಳೆಯುತ್ತದೆ.

ಬಣ್ಣದ ವಿಷಯ ಒತ್ತಿ ಹೇಳಬೇಕು. ಪಠ್ಯಪುಸ್ತಕದ ಚಿತ್ರಗಳಲ್ಲಿ ಹೆಚ್ಚಾಗಿ ಬಿಳಿ ಚರ್ಮದ ಮೇಲಿನ ಗುಲಾಬಿ ಕೆಂಪು. ಕಂದು ಅಥವಾ ಕಪ್ಪು ಚರ್ಮದಲ್ಲಿ ಅದೇ ರೋಗ ನೇರಳೆಯಾಗಿ, ಪೆಟ್ಟು ಬಿದ್ದು ಕಂದಿದ ಹಾಗೆ, ಇಲ್ಲವೇ ಸುಮ್ಮನೆ ಸ್ವಲ್ಪ ಗಾಢವಾಗಿ ಕಾಣಬಹುದು. ಅಂಥ ಚರ್ಮದಲ್ಲಿ ಬಣ್ಣಕ್ಕಿಂತ ದಪ್ಪ, ಬಿಸಿ ಮತ್ತು ಎರಡು ಸ್ತನಗಳ ನಡುವಿನ ವ್ಯತ್ಯಾಸವನ್ನು ನಂಬಬೇಕು. "ಕೆಂಪಾಗಿಲ್ಲ" ಎಂಬ ಒಂದೇ ಕಾರಣಕ್ಕೆ ಐಬಿಸಿ ಅಲ್ಲ ಎಂದುಬಿಡುವುದು ಸರಿಯಲ್ಲ.

ಆಂಟಿಬಯಾಟಿಕ್ ಶುರು ಮಾಡುವ ದಿನವೇ ಕೆಂಪಿನ ಅಂಚಿನ ಸುತ್ತ ಪೆನ್ನಿನಿಂದ ಗೆರೆ ಎಳೆದು ಫೋಟೊ ತೆಗೆಯಿರಿ. ಮೂರು ದಿನಕ್ಕೊಮ್ಮೆ ಅದೇ ಬೆಳಕು, ಅದೇ ದೂರ, ಕೈ ಅದೇ ರೀತಿ ಮೇಲೆತ್ತಿ ಮತ್ತೊಂದು. ಹಾಲೂಡಿಸುವಾಗ ಬರುವ ಸ್ತನದ ಸೋಂಕು, ಅಂದರೆ ಮಾಸ್ಟೈಟಿಸ್, ಸರಿಯಾದ ಔಷಧಕ್ಕೆ ಎರಡು ಮೂರು ದಿನದಲ್ಲೇ ಬಗ್ಗಲು ಶುರುವಾಗುತ್ತದೆ. ವಾರ, ಹೆಚ್ಚೆಂದರೆ ಹತ್ತು ದಿನ ಕಳೆದೂ ಕೆಂಪು ಗೆರೆಯ ಒಳಗೆ ಸರಿದಿಲ್ಲ ಅಂದರೆ ಮುಂದಿನ ಹೆಜ್ಜೆ ಸ್ಕ್ಯಾನ್ ಮತ್ತು ಬಯಾಪ್ಸಿ. ಹಾಲೂಡಿಸುವ ಕಾಲವೇ ಅಲ್ಲದವರಿಗೆ, ಅದರಲ್ಲೂ ಮುಟ್ಟು ನಿಂತವರಿಗೆ, ಹೀಗೆ ಕೆಂಪಾದರೆ ಅನುಮಾನ ಮೊದಲ ದಿನದಿಂದಲೇ ಇರಬೇಕು. ಗಂಡಸರಿಗೂ ಈ ರೋಗ ಬರುವುದುಂಟು, ತೀರ ವಿರಳ.

ಇಲ್ಲಿ ಮೂರು ಹಳ್ಳಗಳಿವೆ. ಮೊದಲನೆಯದು ಅರ್ಧಂಬರ್ಧ ಇಳಿತ. ಆಂಟಿಬಯಾಟಿಕ್ ತೆಗೆದುಕೊಳ್ಳುವಾಗ ಕೆಂಪು ಸ್ವಲ್ಪ ಮಾಸಿದಂತೆ ಕಂಡು, "ಕೆಲಸ ಮಾಡ್ತಿದೆ" ಎಂದು ಎಲ್ಲರೂ ಖುಷಿಪಡುತ್ತಾರೆ. ಸ್ವಲ್ಪ ಇಳಿದದ್ದು ಲೆಕ್ಕಕ್ಕಿಲ್ಲ, ಪೂರ್ತಿ ಹೋಗಬೇಕು. ಎರಡನೆಯದು ಸ್ಟೀರಾಯ್ಡ್. ಗ್ರಾನ್ಯುಲೋಮಾಟಸ್ ಮಾಸ್ಟೈಟಿಸ್ ಎಂಬ, ಕ್ಯಾನ್ಸರ್ ಅಲ್ಲದ ಉರಿಯೂತವೊಂದಿದೆ, ನೋಡಲು ಇದರ ಹಾಗೇ ಇರುತ್ತದೆ, ಅದಕ್ಕೆ ಸ್ಟೀರಾಯ್ಡ್ ಕೊಡುವುದೂ ಸರಿ. ಆದರೆ ಎರಡನ್ನೂ ಬೇರೆ ಮಾಡಿ ತೋರಿಸುವುದು ಬಯಾಪ್ಸಿಯೇ, ಅದಿಲ್ಲದೆ ಸ್ಟೀರಾಯ್ಡ್ ಕೊಟ್ಟರೆ ಮೇಲಿನ ಊತ ತಗ್ಗಿ ಒಳಗಿನದು ಮುಚ್ಚಿಹೋಗುತ್ತದೆ. ಮೂರನೆಯದು ಚಾಕು. ಕೀವು ತುಂಬಿದೆ ಎಂದು ಅಂದಾಜಿನ ಮೇಲೆ ಕೊಯ್ಯುತ್ತಾರೆ, ಕೀವು ಬರುವುದಿಲ್ಲ, ಗಾಯ ಮಾಯುವುದಿಲ್ಲ. ಕೊಯ್ಯುವ ಮುಂಚೆ ಅಲ್ಟ್ರಾಸೌಂಡ್‌ನಲ್ಲಿ ಕೀವು ಕಂಡಿರಬೇಕು. ಕೊಯ್ದದ್ದೇ ಆದರೆ ಅಲ್ಲಿಂದ ಒಂದು ಚೂರು ಮಾಂಸ ಪೆಥಾಲಜಿಗೆ ಹೋಗಲೇಬೇಕು.

ಇನ್ನು ಮ್ಯಾಮೊಗ್ರಾಂ. ಹೆಚ್ಚು ಜನ ಮೋಸಹೋಗುವುದು ಇದರಲ್ಲಿ. ಗಂಟಿಲ್ಲದ ಕಾಯಿಲೆಯಾದ್ದರಿಂದ ಚಿತ್ರದಲ್ಲೂ ಗಂಟು ಕಾಣದೆ ಹೋಗಬಹುದು. ಕಾಣುವುದು ದಪ್ಪಗಾದ ಚರ್ಮ ಮತ್ತು ಒಟ್ಟಾರೆ ಹೆಚ್ಚಿದ ಸಾಂದ್ರತೆ, ಅದೂ ಎರಡು ಸ್ತನಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ. ನೋವಿರುವ ಸ್ತನವನ್ನು ಸರಿಯಾಗಿ ಒತ್ತಲಾಗದೆ ಚಿತ್ರವೇ ಮಸುಕಾಗುವುದೂ ಉಂಟು. ಆದ್ದರಿಂದ ರೆಫರಲ್ ಚೀಟಿಯಲ್ಲಿ ಏನು ಬರೆದಿದೆ ಎಂದು ಓದಿ. ಬರೀ "ಸ್ಕ್ರೀನಿಂಗ್" ಎಂದಿದ್ದರೆ ಅಷ್ಟೇ ಆಗುತ್ತದೆ. "ಇಷ್ಟು ವಾರದಿಂದ ಕೆಂಪು ಮತ್ತು ಊತ, ಆಂಟಿಬಯಾಟಿಕ್‌ಗೆ ಇಳಿದಿಲ್ಲ, ಐಬಿಸಿ ಅನುಮಾನ" ಎಂದು ಬರೆಸಿ. ಎರಡೂ ಕಡೆ ಮ್ಯಾಮೊಗ್ರಾಂ, ಜೊತೆಗೆ ಸ್ತನ ಮತ್ತು ಕಂಕುಳಿನ ಅಲ್ಟ್ರಾಸೌಂಡ್ ಆಗಬೇಕು. ಎರಡರಲ್ಲೂ ಬಯಾಪ್ಸಿಗೆ ಜಾಗ ಗೊತ್ತಾಗದಿದ್ದರೆ ಎಂಆರ್‌ಐ. ಇಷ್ಟಾಗಿಯೂ ರಿಪೋರ್ಟ್ ನಾರ್ಮಲ್ ಬಂತು, ಸ್ತನ ಮಾತ್ರ ಹಾಗೇ ಇದೆ ಅಂದರೆ ರಿಪೋರ್ಟ್‌ಗಿಂತ ಸ್ತನವನ್ನು ನಂಬಿ.

ಬಯಾಪ್ಸಿಯಲ್ಲಿ ಮುಖ್ಯವಾದದ್ದು ಕೋರ್ ಬಯಾಪ್ಸಿ, ದಪ್ಪ ಸೂಜಿಯಿಂದ ಒಳಗಿನ ಮಾಂಸದ ಎಳೆ ತೆಗೆಯುವುದು. ಸಣ್ಣ ಸೂಜಿಯ ಎಫ್‌ಎನ್‌ಎಸಿ ಸಾಲದು. ಕ್ಯಾನ್ಸರ್ ಕೋಶ ಇದೆ ಎಂದು ಅದು ಹೇಳೀತು, ಆದರೆ ಕ್ಯಾನ್ಸರ್ ಸುತ್ತಲಿನ ಮಾಂಸಕ್ಕೆ ನುಗ್ಗಿದೆಯೇ ಎಂದು ಹೇಳಲಾರದು, ಯಾವ ಔಷಧ ನಾಟುತ್ತದೆ ಎಂದು ತಿಳಿಸುವ ಇಆರ್, ಪಿಆರ್ (ಹಾರ್ಮೋನ್ ಗ್ರಾಹಿಗಳು), ಹೆರ್2 (ಒಂದು ಪ್ರೋಟೀನ್) ಪರೀಕ್ಷೆಗಳಿಗೂ ಕೋರ್‌ನ ಮಾಂಸವೇ ವಾಸಿ. ಕಂಕುಳ ಗ್ರಂಥಿ ಅನುಮಾನಾಸ್ಪದವಾಗಿದ್ದರೆ ಅಲ್ಲೂ ಸೂಜಿ ಹಾಕುತ್ತಾರೆ. ಜೊತೆಗೆ ಚರ್ಮದ ಪಂಚ್ ಬಯಾಪ್ಸಿ, ಅಂದರೆ ಸಣ್ಣ ಕೊಳವೆಯಂಥ ಬ್ಲೇಡಿನಿಂದ ಚರ್ಮದ ಚೂರು ತೆಗೆಯುವುದು, ಬಣ್ಣ ಹೆಚ್ಚು ಗಾಢವಾಗಿರುವ ಕಡೆಯಿಂದ ಕನಿಷ್ಠ ಎರಡು ಚೂರು. ಎಲ್ಲಕ್ಕೂ ಜಾಗ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಪಂಚ್‌ನಲ್ಲಿ ಏನೂ ಸಿಗಲಿಲ್ಲ ಎಂದರೆ ಐಬಿಸಿ ಇಲ್ಲ ಎಂದಲ್ಲ, ಕಟ್ಟಿಕೊಂಡ ನಾಳ ಆ ಚೂರಿನಲ್ಲಿ ಇರಲಿಲ್ಲ ಎಂದಷ್ಟೇ. ಹಾಲೂಡಿಸುತ್ತಿದ್ದರೂ ಮ್ಯಾಮೊಗ್ರಾಂ, ಅಲ್ಟ್ರಾಸೌಂಡ್, ಕೋರ್ ಬಯಾಪ್ಸಿ ಮೂರನ್ನೂ ಮಾಡಬಹುದು, "ಮಗು ಹಾಲು ಬಿಡಲಿ, ಆಮೇಲೆ ನೋಡೋಣ" ಎನ್ನುವ ಮಾತಿಗೆ ಒಪ್ಪಬೇಡಿ.

ಹಾಗೆ ಒಪ್ಪದಿರುವುದು ಕನ್ಸಲ್ಟಿಂಗ್ ರೂಮಿನಲ್ಲಿ ಕಷ್ಟ, ಗೊತ್ತು. ಹೊರಗೆ ಹತ್ತು ಜನ ಕಾಯುತ್ತಿರುತ್ತಾರೆ, ಬಾಯಿ ಕಟ್ಟುತ್ತದೆ. ಈ ಎರಡು ಮಾತು ಬರೆದುಕೊಂಡು ಹೋಗಿ: "ಡಾಕ್ಟ್ರೇ, ಕೋರ್ಸ್ ಮುಗಿಸಿದೆ, ಕಮ್ಮಿ ಆಗಿಲ್ಲ. ಇದು ಇನ್‌ಫ್ಲಮೇಟರಿ ಬ್ರೆಸ್ಟ್ ಕ್ಯಾನ್ಸರ್ ಅಲ್ಲ ಅಂತ ಹೇಗೆ ಗೊತ್ತಾಯ್ತು?" ಆಮೇಲೂ ಮಾತ್ರೆಯೇ ಎಂದರೆ, "ಬಯಾಪ್ಸಿ ಬೇಡ ಅನ್ನೋದಕ್ಕೆ ಕಾರಣಾನ ಫೈಲ್‌ನಲ್ಲಿ ಬರೆದುಕೊಡಿ." ಬರೆಯಬೇಕಾಗಿ ಬಂದಾಗ ಮನುಷ್ಯ ಇನ್ನೊಮ್ಮೆ ಯೋಚಿಸುತ್ತಾನೆ. ಅದೂ ಆಗದಿದ್ದರೆ ಸ್ತನ ಕ್ಯಾನ್ಸರ್ ನೋಡುವ ಸರ್ಜನ್ ಹತ್ತಿರ ನೇರ ಹೋಗುವುದೇ ಮೇಲು.

ರಿಪೋರ್ಟ್ ಕೈಗೆ ಬಂದ ಮೇಲೆ ಒಂದು ಗೊಂದಲ ಕಾದಿರುತ್ತದೆ. ಅದರಲ್ಲಿ "ಇನ್ವೇಸಿವ್ ಡಕ್ಟಲ್ ಕಾರ್ಸಿನೋಮ" ಎಂದಷ್ಟೇ ಇದ್ದು, ಇನ್‌ಫ್ಲಮೇಟರಿ ಎಂಬ ಪದವೇ ಇಲ್ಲದಿರಬಹುದು. ಪೆಥಾಲಜಿಸ್ಟ್ ತಪ್ಪಲ್ಲ. ಸೂಕ್ಷ್ಮದರ್ಶಕದಡಿ ಬಂದ ಚೂರು ಅವರಿಗೆ ಕಾಣುತ್ತದೆಯೇ ಹೊರತು ಸ್ತನ ಕಾಣುವುದಿಲ್ಲ. ಐಬಿಸಿ ಎಂದು ತೀರ್ಮಾನಿಸುವುದು ಸ್ತನವನ್ನು ಕಣ್ಣಾರೆ ಕಂಡ ವೈದ್ಯರು, ಬಯಾಪ್ಸಿ ರಿಪೋರ್ಟನ್ನು ಪಕ್ಕದಲ್ಲಿಟ್ಟುಕೊಂಡು. ಅವರು ಫೈಲ್‌ನಲ್ಲಿ ಟಿ4ಡಿ (ಕ್ಯಾನ್ಸರ್ ಹಂತ ಗುರುತಿಸುವ ಪದ್ಧತಿಯಲ್ಲಿ ಐಬಿಸಿಯ ಸಂಕೇತ) ಎಂದು ಬರೆದಿದ್ದಾರೆಯೇ, ನೋಡಿ. ಟಿ4ಡಿ ಅಂದರೆ ಸ್ಟೇಜ್ ಕನಿಷ್ಠ 3ಬಿ. ಈ ರೋಗಕ್ಕೆ ಒಂದನೇ ಸ್ಟೇಜ್, ಎರಡನೇ ಸ್ಟೇಜ್ ಎಂಬುದೇ ಇಲ್ಲ. ಪತ್ತೆಯಾಗುವ ಹೊತ್ತಿಗೇ ಮೂವರಲ್ಲಿ ಸುಮಾರು ಒಬ್ಬರಿಗೆ ಬೇರೆ ಅಂಗಗಳಿಗೆ ಹರಡಿರುತ್ತದೆ, ಅದಕ್ಕೇ ಪೆಟ್ ಸಿಟಿ, ಇಲ್ಲವೇ ಸಿಟಿ ಮತ್ತು ಬೋನ್ ಸ್ಕ್ಯಾನ್ ಬೇಕಾಗುತ್ತದೆ. "ಮೂರನೇ ಸ್ಟೇಜ್‌ವರೆಗೂ ಏನು ಮಾಡ್ತಿದ್ದೆ?" ಎಂದು ಆಕೆಯನ್ನು ಕೇಳುವ ನೆಂಟರು ಇದನ್ನು ಎರಡು ಸಲ ಓದಲಿ.

ಟಿ4ಡಿ ಎಂಬ ಬರಹಕ್ಕೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಇದೆ. ಐಬಿಸಿಯಲ್ಲಿ ಮೊದಲು ಕೀಮೊ, ಹೆರ್2 ಪಾಸಿಟಿವ್ ಇದ್ದರೆ ಜೊತೆಗೆ ಟ್ರಾಸ್ಟುಝುಮ್ಯಾಬ್‌ನಂಥ ಔಷಧ. ಆಮೇಲೆ ಚರ್ಮ ಮತ್ತು ಕಂಕುಳ ಗ್ರಂಥಿಗಳ ಸಮೇತ ಇಡೀ ಸ್ತನ ತೆಗೆಯುವ ಆಪರೇಷನ್, ಆಮೇಲೆ ರೇಡಿಯೇಷನ್. ನೇರ ಆಪರೇಷನ್‌ಗೆ ಹೋದರೆ ಅಂಚಿನ ಚರ್ಮದಲ್ಲಿ ಕ್ಯಾನ್ಸರ್ ಉಳಿದುಬಿಡುತ್ತದೆ. ಇನ್ನೊಂದು ಅಪಾಯ ಕೀಮೊ ಚೆನ್ನಾಗಿ ಕೆಲಸ ಮಾಡಿದಾಗ ಬರುತ್ತದೆ: ಕೆಂಪು ಪೂರ್ತಿ ಮಾಯವಾಗಿ, ಆಗ ಮೊದಲ ಬಾರಿ ನೋಡುವ ಸರ್ಜನ್‌ಗೆ ಮಾಮೂಲಿ ಕ್ಯಾನ್ಸರ್ ಕಂಡು, "ಸ್ತನ ಉಳಿಸಬಹುದು, ಕಂಕುಳಲ್ಲಿ ಒಂದೆರಡು ಗ್ರಂಥಿ ತೆಗೆದರೆ ಸಾಕು" ಎನ್ನಿಸಬಹುದು. ಈ ರೋಗದಲ್ಲಿ ಎರಡೂ ಸಲ್ಲದು. ಆದ್ದರಿಂದ ಕೀಮೊದ ಮೊದಲ ಡೋಸ್‌ಗೆ ಮುಂಚೆ ಆಸ್ಪತ್ರೆಯವರಿಂದಲೇ ಫೋಟೊ ತೆಗೆಸಿ, ಎದುರಿನಿಂದ ಮತ್ತು ಎರಡೂ ಪಕ್ಕದಿಂದ, ತಾರೀಕು ಸಮೇತ. ಆಸ್ಪತ್ರೆ ಬದಲಿಸುವುದಾದರೆ ಆ ಫೋಟೊಗಳ ಪ್ರತಿ, ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್ (ಮೇಣದಲ್ಲಿ ಕೂಡಿಸಿಟ್ಟ ಮಾಂಸದ ಚೂರು), ಮೊದಲ ದಿನದ ಸ್ಕ್ಯಾನ್ ಸಿಡಿ ಇವಿಷ್ಟನ್ನೂ ಕೇಳಿ ಪಡೆದುಕೊಂಡೇ ಹೊರಡಿ.