ಏಳು ರೂಪಾಯಿಯ ಷೇರು, ಹತ್ತು ರೂಪಾಯಿಯ ಸರ್ಕಾರ

ಟೆಲಿಕಾಂ ಷೇರಿಗೆ ಹಣ ಹಾಕುವ ಮುನ್ನ ಲಾಭ–ನಷ್ಟವನ್ನು ತೂಗಿ ನೋಡಬೇಕೆಂದು ಬಲ್ಲವರು ಹೇಳುತ್ತಾರೆ. ತೂಗುವುದಕ್ಕೇನೂ ಅಡ್ಡಿಯಿಲ್ಲ, ಆದರೆ ವೊಡಾಫೋನ್ ಐಡಿಯಾದ ವಿಷಯದಲ್ಲಿ ತಕ್ಕಡಿಯೂ ತೂಕದ ಕಲ್ಲೂ ಅಂಗಡಿಯ ಸುಮಾರು ಅರ್ಧ ಪಾಲೂ ಸರ್ಕಾರದ ಕೈಯಲ್ಲೇ ಇರುವುದರಿಂದ, ಸಾಮಾನ್ಯ ಹೂಡಿಕೆದಾರನಿಗೆ ಉಳಿದಿರುವುದು ಮುಳ್ಳು ಯಾವ ಕಡೆ ವಾಲೀತೆಂದು ನೋಡುತ್ತಾ ನಿಲ್ಲುವ ಕೆಲಸವೊಂದೇ.

ತರಂಗಾಂತರವನ್ನು ಹರಾಜು ಹಾಕಿ ಕಂತಿನ ಮೇಲೆ ಕೊಟ್ಟದ್ದು ಸರ್ಕಾರ. ತನಗೆ ಪಾಲು ಸಲ್ಲಬೇಕಾದ ಕಂಪನಿಯ ಆದಾಯವೆಂದರೆ ಕರೆ ಮತ್ತು ಡೇಟಾದಿಂದ ಬಂದ ದುಡ್ಡಷ್ಟೇ ಅಲ್ಲ, ಬಾಡಿಗೆ, ಬಡ್ಡಿ, ಲಾಭಾಂಶ, ಕಡೆಗೆ ಗುಜರಿ ಮಾರಿದ ಹಣವೂ ಅದರಲ್ಲಿ ಸೇರುತ್ತದೆಂದು ವಾದಿಸಿದ್ದೂ, 2019ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದೂ ಸರ್ಕಾರವೇ. ಗೆದ್ದ ಮೇಲೆ ನೋಡಿದರೆ ಸೋತವನ ಗಲ್ಲಾಪೆಟ್ಟಿಗೆಯಲ್ಲಿ ಕಾಸಿಲ್ಲ. ಹೀಗಾಗಿ 2023ರಲ್ಲಿ 16,133 ಕೋಟಿ ರೂಪಾಯಿ ಬಾಕಿಗೆ ಬದಲಾಗಿ ಷೇರು ಪಡೆಯಿತು. 2025ರಲ್ಲಿ ಮತ್ತೆ 36,950 ಕೋಟಿಗೆ ಪಡೆದು ತನ್ನ ಪಾಲನ್ನು ಶೇ 48.99ಕ್ಕೆ ಏರಿಸಿಕೊಂಡಿತು. ಶೇ 51 ಮುಟ್ಟಿದರೆ ಅದು ಸರ್ಕಾರಿ ಕಂಪನಿಯಾಗುತ್ತದೆ. ಮನೆಯಲ್ಲಿ ಬಿಎಸ್‌ಎನ್‌ಎಲ್, ಎಂಟಿಎನ್‌ಎಲ್ ಎಂಬ ಇಬ್ಬರನ್ನು ಸಾಕುತ್ತಿರುವವರು ಮೂರನೆಯದಕ್ಕೆ ಹಿಂಜರಿದರೆ ತಪ್ಪೆನ್ನಲಾಗದು.

ಬೆಲೆಯ ಸಂಗತಿ ಇನ್ನೂ ಸೊಗಸು. ಎರಡು ಸಲವೂ ಪೇಟೆಯಲ್ಲಿ ಷೇರು ಏಳು ರೂಪಾಯಿಯ ಆಸುಪಾಸಿನಲ್ಲಿತ್ತು. ಸರ್ಕಾರಕ್ಕೆ ಸಿಕ್ಕಿದ್ದು ಮಾತ್ರ ಹತ್ತು ರೂಪಾಯಿಯ ಲೆಕ್ಕದಲ್ಲಿ. ಆ ಹತ್ತು ರೂಪಾಯಿ ಷೇರಿನ ಮುಖಬೆಲೆ, ಅಂದರೆ ಅದಕ್ಕೆ ಕಂಪನಿಯೇ ನಮೂದಿಸಿದ ಬೆಲೆ; ಅದಕ್ಕಿಂತ ಕಡಿಮೆಗೆ ಹೊಸ ಷೇರು ನೀಡಬಾರದೆಂದು ಕಂಪನಿ ಕಾಯ್ದೆ ಹೇಳುತ್ತದೆ. ಸಂತೆಯಲ್ಲಿ ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವ ನಾಡಿನಲ್ಲಿ ಖಜಾನೆಯೊಂದೇ ಇಷ್ಟು ಸಭ್ಯ ಗಿರಾಕಿ.

ಎರಡನೆಯ ಸಲದ ಆ ದಿನಗಳಲ್ಲಿ ನಮ್ಮ ಬಡಾವಣೆಯ ದರ್ಶಿನಿಯ ಮುಂದೆ ನಿವೃತ್ತ ಹಿರಿಯರೊಬ್ಬರು ಬೈಟು ಕಾಫಿಯ ಲೋಟವನ್ನು ಕಟ್ಟೆಯ ಮೇಲಿಟ್ಟು, ಮೊಬೈಲನ್ನು ನನ್ನತ್ತ ತಿರುಗಿಸಿ ಕೇಳಿದರು: “ಏಳು ರೂಪಾಯಿ ಸಾರ್, ಇನ್ನೆಲ್ಲಿಗೆ ಬೀಳುತ್ತೆ?” ಇದೇ ಪ್ರಶ್ನೆಯನ್ನು ಇನ್ನೊಂದು ಟೆಲಿಕಾಂ ಕಂಪನಿಯಾದ ರಿಲಯನ್ಸ್ ಕಮ್ಯುನಿಕೇಷನ್ಸ್‌ನ ಷೇರುದಾರರು ನೂರಕ್ಕಿಳಿದಾಗಲೂ ಹತ್ತಕ್ಕಿಳಿದಾಗಲೂ ಕೇಳಿಕೊಂಡಿರಬೇಕು; 2008ರ ಜನವರಿಯಲ್ಲಿ ಎಂಟುನೂರು ದಾಟಿದ್ದ ಆ ಷೇರು 2019ರಲ್ಲಿ ಒಂದು ರೂಪಾಯಿಗೂ ಕೆಳಗೆ ಸಿಗುತ್ತಿತ್ತು. ಈ ಮಾತನ್ನು ಹೇಳಿದೆ. ಅವರು ಕಾಫಿ ಮುಗಿಸಿದರು.

ಲಾಭ ಬರುವ ದಾರಿಯನ್ನೂ ಅವರೇ ವಿವರಿಸಿದರು: ರೀಚಾರ್ಜ್ ದರ ಏರಬೇಕು, ಆಗ ಕಂಪನಿಯ ಆದಾಯ ಏರುತ್ತದೆ, ಷೇರೂ ಏರುತ್ತದೆ. 2024ರ ಜುಲೈಯಲ್ಲಿ ಮೂರೂ ಖಾಸಗಿ ಕಂಪನಿಗಳು ದರ ಏರಿಸಿದಾಗ, ಬಡವರು ಬದುಕುವುದು ಹೇಗೆಂದು ಇದೇ ಕಟ್ಟೆಯ ಬಳಿ ಗದ್ದಲ ಮಾಡಿದವರೂ ಅವರೇ. ಇಪ್ಪತ್ತೆಂಟು ದಿನಕ್ಕೊಂದು ತಿಂಗಳಾದರೆ ವರ್ಷಕ್ಕೆ ಹದಿಮೂರು ರೀಚಾರ್ಜ್ ಬೀಳುತ್ತದಂತೆ. ಆ ಹದಿಮೂರನೆಯದರ ದುಡ್ಡು ಷೇರಿನಿಂದ ಹುಟ್ಟಿದರೆ ಸಾಕು ಎನ್ನುತ್ತಾ ಇನ್ನೂರು ಷೇರಿಗೆ ಆರ್ಡರ್ ಹಾಕಲು ಹೊರಟರು. ಡೇಟಾ ಪ್ಯಾಕ್ ಮುಗಿದಿತ್ತು.